ಬಫರ್ ಫಂಕ್ಷನ್‌ಗೆ ಬಾಲ ಬಂದದ್ದು ಹೇಗೆ?

ಸಂಡೂರು ಸೀಮೆಯ ಅದಿರು ಕ್ರಷರ್‌ಗಳ ದವಡೆಗೆ ಬೀಳುವ ಹೊಡೆತ ಅಳೆಯಲು ಎಡಿಎಕ್ಸ್‌ಎಲ್372ರಂಥ, ವೇಗೋತ್ಕರ್ಷ ಅಳೆಯುವ ಸೆನ್ಸರ್ ಬೇಕು. ಗುರುತ್ವದ 200 ಪಟ್ಟಿನವರೆಗೆ ಅಳೆಯುವ ಈ ಚಿಪ್ ಸೆಕೆಂಡಿಗೆ 6,400 ಸಲ ಅಳತೆ ತೆಗೆಯಬಲ್ಲದು. ಪ್ರತಿ ಸಲವೂ ಪ್ರೊಸೆಸರನ್ನು ಎಬ್ಬಿಸಿದರೆ ಅದಕ್ಕೆ ಬೇರೆ ಕೆಲಸವೇ ಸಾಗದು. ಹಾಗಾಗಿ ಚಿಪ್‌ನೊಳಗೇ 512 ಅಳತೆ ಹಿಡಿಸುವ ಫಿಫೊ (ಮೊದಲು ಬಂದದ್ದು ಮೊದಲು ಹೊರಹೋಗುವ ಸಾಲು) ಇದೆ. ಮೂರು ಅಕ್ಷಗಳಿಗೆ ಹಂಚಿದರೆ 26 ಮಿಲಿಸೆಕೆಂಡಿನ ಸಂಗ್ರಹವಷ್ಟೇ. ತುಂಗಭದ್ರೆಯಲ್ಲಿ ನೀರು ಇಂತಿಷ್ಟು ಅಡಿಗೇರಿದಾಗ ಗೇಟ್ ಎತ್ತುವಂತೆ, ಫಿಫೊ ಎಷ್ಟು ತುಂಬಿದಾಗ ಖಾಲಿ ಮಾಡಬೇಕೆಂಬ ಮಟ್ಟವೇ ವಾಟರ್‌ಮಾರ್ಕ್.

ಲಿನಕ್ಸ್‌ನಲ್ಲಿ ಇಂಥ ಸೆನ್ಸರ್‌ಗಳನ್ನು ನೋಡಿಕೊಳ್ಳುವುದು ಜೊನಾಥನ್ ಕ್ಯಾಮರನ್ ಕಟ್ಟಿದ ಐಐಒ (ಇಂಡಸ್ಟ್ರಿಯಲ್ ಐ/ಒ) ವ್ಯವಸ್ಥೆ. 2009ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇನ್ನೂ ಪಕ್ವವಾಗದ ಕೋಡ್ ಇಡುವ ಸ್ಟೇಜಿಂಗ್ ವಿಭಾಗಕ್ಕೆ ಬಂದು, 2012ರಲ್ಲಿ ಅಲ್ಲಿಂದ ಹೊರಬಿತ್ತು. ಅಳತೆಗಳನ್ನು ಕೂಡಿಡುವ ಬಫರ್ ಬೇಕಾದ ಡ್ರೈವರ್ (ಸಾಧನವನ್ನು ನಡೆಸುವ ಕೋಡ್) 'ಐಐಒ_ಟ್ರಿಗರ್ಡ್_ಬಫರ್_ಸೆಟಪ್' ಎಂಬ ಫಂಕ್ಷನ್ ಕರೆಯುತ್ತಿತ್ತು. ವಾಟರ್‌ಮಾರ್ಕ್ ತೋರಿಸುವ ಫೈಲ್‌ಗಳನ್ನು (ಇವಕ್ಕೆ ಆಟ್ರಿಬ್ಯೂಟ್ ಎನ್ನುತ್ತಾರೆ) ಆಮೇಲೆ ಇನ್ನೊಂದು ಕರೆಯಿಂದ ಅಂಟಿಸಬೇಕಿತ್ತು. ಸಾಧನಕ್ಕೊಂದೇ ಬಫರ್ ಇದ್ದಷ್ಟು ದಿನ ಇದು ಯಾರಿಗೂ ತೊಂದರೆ ಕೊಡಲಿಲ್ಲ.

ಒಂದಕ್ಕಿಂತ ಹೆಚ್ಚು ಬಫರ್ ತರಲು ಹೊರಟಾಗ ಪ್ರಶ್ನೆ ಎದ್ದಿತು: ಈ ಫೈಲ್‌ಗಳು ಯಾವ ಬಫರಿನವು? ಕರ್ನಲ್ ಡೆವಲಪರ್ ಅಲೆಕ್ಸಾಂಡ್ರು ಅರ್ಡೆಲಿಯನ್ 2020ರಲ್ಲಿ ಅದೇ ಹೆಸರಿಗೆ '_ಇಎಕ್ಸ್‌ಟಿ' ಎಂಬ ಬಾಲ ಹಚ್ಚಿ, ಫೈಲ್‌ಗಳ ಪಟ್ಟಿಯನ್ನೂ ಜತೆಗೇ ಕೇಳುವ ಫಂಕ್ಷನ್ ಬರೆದರು. ಹಳೆಯ ಹೆಸರು ಹೊಸದನ್ನೇ ಕರೆಯುವ ಅಡ್ಡಹೆಸರಾಗಿ (ಮ್ಯಾಕ್ರೊ) ಉಳಿಯಿತು. ಹತ್ತಾರು ಡ್ರೈವರ್‌ಗಳನ್ನು ಮುಟ್ಟುವ ಕೆಲಸ ತಪ್ಪಿತು. 2021ರ 5.13ನೇ ಆವೃತ್ತಿಯಲ್ಲಿ ಬಹು ಬಫರ್ ಬಂದಾಗ 'ಬಫರ್0' ಡೈರೆಕ್ಟರಿ ಹುಟ್ಟಿತಾದರೂ ಹಳೆಯ 'ಬಫರ್' ಡೈರೆಕ್ಟರಿಯನ್ನು ಕಿತ್ತುಹಾಕಲಿಲ್ಲ. ಅದನ್ನು ನಂಬಿದ ಪ್ರೋಗ್ರಾಂಗಳು ಎಲ್ಲೆಲ್ಲಿ ಓಡುತ್ತಿವೆಯೋ ಬಲ್ಲವರಾರು!

ಎಡವಟ್ಟಾದದ್ದು ಇಲ್ಲೇ. ಬಹು ಬಫರ್‌ನ ಕೋಡ್, ಪಟ್ಟಿಯಲ್ಲಿರುವುದೆಲ್ಲ ಒಂದೇ ಬಗೆಯ ಆಟ್ರಿಬ್ಯೂಟ್ ಎಂದು ಸದ್ದಿಲ್ಲದೆ ನಂಬಿಕೊಂಡಿತು. ಆದರೆ ಕೆಲವು ಡ್ರೈವರ್‌ಗಳು ವಾಟರ್‌ಮಾರ್ಕಿನ ಕನಿಷ್ಠ, ಗರಿಷ್ಠ ಮಿತಿಗಳನ್ನು ಸ್ಥಿರ ಆಟ್ರಿಬ್ಯೂಟ್‌ಗಳಾಗಿ ಕೊಡುತ್ತಿದ್ದವು, ಎಡಿಎಕ್ಸ್‌ಎಲ್372 ಅವುಗಳಲ್ಲೊಂದು. ಸ್ಥಿರ ಆಟ್ರಿಬ್ಯೂಟಿನ ರಚನೆಯೇ ಬೇರೆ. ಆ ಫೈಲ್ ಓದಿದರೆ ಕರ್ನಲ್ ತನಗೆ ಸಂಬಂಧವಿಲ್ಲದ ಮೆಮೊರಿಗೆ ಕೈಹಾಕುತ್ತಿತ್ತು. ಯಾವ ಬಗೆಯ ಆಟ್ರಿಬ್ಯೂಟ್ ಬಂದರೂ ಸರಿ ಎನ್ನುವಷ್ಟು ಸಡಿಲವಾಗಿ ಫಂಕ್ಷನ್‌ನ ಘೋಷಣೆಯಿದ್ದಾಗ, ಕೋಡನ್ನು ಯಂತ್ರಭಾಷೆಗೆ ತರುವ ಕಂಪೈಲರ್ ತಾನೆ ಏನು ಮಾಡೀತು? ನನ್ನ ಮಟ್ಟಿಗೆ ತಪ್ಪು ಡ್ರೈವರ್ ಬರೆದವರದಲ್ಲ, ಆ ಘೋಷಣೆಯದು.

2022ರಲ್ಲಿ ಮಟ್ಟಿ ವೈಟ್ಟಿನೆನ್ ಎಂಬ ಡೆವಲಪರ್ ಆ ಡ್ರೈವರ್‌ಗಳನ್ನು ಒಂದೊಂದಾಗಿ ತಿದ್ದಿ, ಕೊನೆಗೆ ಫಂಕ್ಷನ್ ಕೇಳುವ ಪಟ್ಟಿಯ ಟೈಪನ್ನೇ ಬದಲಿಸಿದರು. ಈಗ ತಪ್ಪು ಬಗೆಯದನ್ನು ಕೊಟ್ಟರೆ ಕಂಪೈಲರ್ ಅಲ್ಲೇ ತಕರಾರು ತೆಗೆಯುತ್ತದೆ.