ಕಟ್ಟಡ ಕೆಲಸದವರಿಗೆ ತರಬೇತಿ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಕೊಪ್ಪಳ ಹತ್ತಿರ ಸಣ್ಣ ಪ್ರಮಾಣದಲ್ಲಿ ಗುತ್ತಿಗೆ ಕೆಲಸ ಮಾಡಿಸುತ್ತೇನೆ. ಗೌಂಡಿಗಳು, ಸೆಂಟ್ರಿಂಗ್‌ನವರು, ಹೆಣ್ಣಾಳು ಸೇರಿ 15 ಜನ ಇದ್ದಾರೆ. ಭಾನುವಾರ ತರಬೇತಿ ಇಟ್ಟರೆ ಯಾರೂ ಬರುವುದಿಲ್ಲ. ಬಂದವರೂ ಮರುದಿನ ಹಳೇ ರೀತಿಯಲ್ಲೇ ಕೆಲಸ ಮಾಡುತ್ತಾರೆ. ಏನು ಮಾಡಲಿ?

ಉತ್ತರ: ಭಾನುವಾರದ ತರಬೇತಿ ಬಿಟ್ಟುಬಿಡಿ. ವಾರವಿಡೀ ಬಿಸಿಲಲ್ಲಿ ದುಡಿದವರಿಗೆ ಆ ಒಂದು ದಿನ ಮನೆಗೆ, ಮಕ್ಕಳಿಗೆ ಬೇಕು. ಕೂಲಿ ಇಲ್ಲದೆ ಬಂದು ಕೂರಿ ಅಂದರೆ ಯಾರು ಬರುತ್ತಾರೆ? ಬೆಳಿಗ್ಗೆ ಹಾಜರಿ ಹಾಕಿದ ಮೇಲೆ 15 ನಿಮಿಷ ಸಾಕು. ಆ ಹೊತ್ತಿಗೂ ಕೂಲಿ ಸಿಗಬೇಕು. ವಿಷಯ ಒಂದೇ ಇರಲಿ, ಇವತ್ತು ಮಾಡುವ ಕೆಲಸ.

ಪಾಯ ತೋಡುವ ದಿನ ಪಾಯದ ಬಗ್ಗೆಯೇ ಮಾತಾಡಿ. ನಮ್ಮ ಭಾಗದಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ಇಲ್ಲ ಅಂತ ನನಗನಿಸುತ್ತದೆ. ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನ ಹಾಗೆ ಕಾಣುತ್ತದೆ, ಆದರೆ ಆಳದವರೆಗೂ ಬಿರುಕು ಬಿಟ್ಟಿರುತ್ತದೆ. ಒಂದು ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ. ಗುಂಡಿಯ ಬದಿ ಯಾವಾಗ ಕುಸಿಯುತ್ತದೋ ಹೇಳಲಾಗದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಎದೆಮಟ್ಟ ಮುಚ್ಚಿದರೂ ಉಸಿರು ಕಟ್ಟುತ್ತದೆ.

ರಾಯಚೂರು ಕಡೆ ಒಂದು ಕೆಲಸದಲ್ಲಿ ತೋಡಿದ ಮಣ್ಣನ್ನೆಲ್ಲ ಗುಂಡಿಯ ಅಂಚಿಗೇ ಒಟ್ಟಿದ್ದೆವು. ಊಟಕ್ಕೆ ಮೇಲೆ ಬಂದಾಗ ಒಂದು ಬದಿ ಜಾರಿ ಬಿತ್ತು. ಹತ್ತು ನಿಮಿಷ ಮುಂಚೆ ಅಲ್ಲಿ ಇಬ್ಬರು ಬಗ್ಗಿ ಕೆಲಸ ಮಾಡುತ್ತಿದ್ದರು. ಆವತ್ತಿನಿಂದ ತಂಡವನ್ನು ಗುಂಡಿಯ ಹತ್ತಿರವೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಮಣ್ಣು ಅಂಚಿನಿಂದ ಕನಿಷ್ಠ ಐದು ಅಡಿ ದೂರ ಬೀಳಬೇಕು. ಐದು ಅಡಿಗಿಂತ ಆಳ ಹೋದರೆ ಬದಿಗೆ ಇಳಿಜಾರು ಕೊಡಬೇಕು, ಇಲ್ಲವೇ ಹಲಗೆಯ ಆಸರೆ ನಿಲ್ಲಿಸಬೇಕು. ಹತ್ತಿ ಇಳಿಯಲು ಏಣಿ ಬೇಕು. ಮಳೆ ಬಂದ ಮರುದಿನ ಮೇಸ್ತ್ರಿ ನೋಡಿ ಹೂಂ ಅನ್ನುವ ತನಕ ಯಾರೂ ಇಳಿಯಬಾರದು.

ಹೇಳುವುದಕ್ಕಿಂತ ಮಾಡಿಸುವುದು ಜಾಸ್ತಿ ಇರಲಿ. ಬಿಸಿಲಿಗೆ ಕಾಂಕ್ರೀಟ್ ಗಟ್ಟಿಯಾಗುತ್ತಿದೆ ಅಂತ ಇನ್ನೊಂದು ಬಕೆಟ್ ನೀರು ಸುರಿಯುವುದು ಎಲ್ಲ ಕಡೆ ಇದೆ, ಅಲ್ವಾ? ಬೈಯಬೇಡಿ. ಎರಡು ಉಂಡೆ ಮಾಲು (ಸಿಮೆಂಟ್, ಮರಳು ಕಲಸಿದ್ದು) ಮಾಡಿಸಿ, ಒಂದು ಸರಿಯಾದ ನೀರಿನದು, ಇನ್ನೊಂದು ತೆಳ್ಳಗಿನದು. ವಾರ ಬಿಟ್ಟು ಅವರ ಕೈಯಿಂದಲೇ ಸುತ್ತಿಗೆಯಲ್ಲಿ ಒಡೆಸಿ. ಸ್ಲ್ಯಾಬ್ ಕಾಂಕ್ರೀಟಿಗೆ 50 ಕೆಜಿ ಸಿಮೆಂಟ್ ಚೀಲಕ್ಕೆ ಮರಳಿನ ಒದ್ದೆಯೂ ಸೇರಿ 25ರಿಂದ 27 ಲೀಟರ್ ನೀರು ಸಾಕು ಅನ್ನುವ ಮಾತು ಆಮೇಲೆ ತಲೆಗೆ ಹೋಗುತ್ತದೆ. ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟಿಗೆ ನೀರುಣಿಸುವುದು ಕೂಡ ಹಾಗೇ. ಒಣ ಬಿಸಿಲಿದ್ದ ಕಡೆ ಕಡಿಮೆ ಅಂದರೂ 10 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ 14 ದಿನ ಒದ್ದೆ ಇಡಿ ಅನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456.

ಮಾಲು ಕಲಸುವುದು, ನೀರು ಹಾಕುವುದು ಹೆಚ್ಚಾಗಿ ಹೆಣ್ಣುಮಕ್ಕಳು. ಆದರೆ ಮಾತಾಡುವಾಗ ಅವರನ್ನು ಹಿಂದೆ ನಿಲ್ಲಿಸುತ್ತೇವೆ. ದಯವಿಟ್ಟು ಮುಂದೆ ಕರೆಯಿರಿ. 'ಅಕ್ಕ, ನಿನ್ನೆ ಹೇಳಿದ್ದು ಏನು?' ಅಂತ ಕೇಳಿ, ಅವರ ಬಾಯಿಂದಲೇ ಹೇಳಿಸಿ. ತೆಲುಗು, ಹಿಂದಿ ಮಾತಾಡುವವರು ಇದ್ದರೆ ಅವರ ಮಾತಿನಲ್ಲಿ ಒಮ್ಮೆ ಹೇಳಿಸಿ. ಅರ್ಥವಾಗದೆ ತಲೆಯಾಡಿಸುವವರು ತುಂಬಾ ಜನ.

ಎಲ್ಲಕ್ಕೂ ಮುಂಚೆ ಮೇಸ್ತ್ರಿ ಜೊತೆ ಒಬ್ಬರೇ ಕೂತು ಮಾತಾಡಿ. ಹುಡುಗರು ನೋಡುವುದು ಅವರನ್ನೇ. ಅವರ ತಲೆಯ ಮೇಲೆ ಹೆಲ್ಮೆಟ್ ಇಲ್ಲದಿದ್ದರೆ ಬೇರೆ ಯಾರೂ ಹಾಕುವುದಿಲ್ಲ. ವೈಬ್ರೇಟರ್ (ಕಾಂಕ್ರೀಟನ್ನು ಅದುರಿಸಿ ಕೂರಿಸುವ ಯಂತ್ರ) ವೈರನ್ನು ಪ್ಲಗ್ ಇಲ್ಲದೆ ಸಾಕೆಟ್‌ಗೆ ಚುಚ್ಚಿ ಕಡ್ಡಿ ಸಿಕ್ಕಿಸುವುದನ್ನು ನಿಲ್ಲಿಸಬೇಕಾದವರೂ ಅವರೇ. ಎಲ್ಲರ ಎದುರು ಅವರನ್ನು ತಿದ್ದಬೇಡಿ. ಬೆಳಗಿನ ಮಾತು ಅವರೇ ಹೇಳಲಿ, ನೀವು ಪಕ್ಕದಲ್ಲಿ ನಿಲ್ಲಿ.

ಕಲಿಸಿದವರು ಮುಂದಿನ ತಿಂಗಳು ಬೇರೆ ಕಡೆ ಹೋದರೆ? ಹೋಗುತ್ತಾರೆ. ಉಳಿಸಿಕೊಳ್ಳಲು ಒಂದು ದಾರಿ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡಿಗೆ 18ರಿಂದ 60 ವರ್ಷದವರು ಅರ್ಜಿ ಹಾಕಬಹುದು. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ಅದಕ್ಕಾಗಿ ಅವರು ಊರೆಲ್ಲ ಅಲೆಯುತ್ತಾರೆ. ನಿಮ್ಮ ಹಾಜರಿ ಪುಸ್ತಕ ತೆಗೆದು, ದಿನ ಎಣಿಸಿ, ನೀವೇ ಸಹಿ ಹಾಕಿಕೊಡಿ.