ಗಪ್ಪಿ ಮೀನು: ಎರಡು ತಲೆಮಾರು ಸಾಕುವುದು ಯಾಕೆ?

ಟ್ರಿನಿಡಾಡ್‌ನ ಗಪ್ಪಿ ಪ್ರಯೋಗ ಎರಡು ದಿನ ನನ್ನ ತಲೆಗೇ ಹತ್ತಲಿಲ್ಲ. ನಿನ್ನೆ ರಾತ್ರಿ ಹತ್ತಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಗಪ್ಪಿ ಗೊತ್ತಲ್ವಾ? ನಮ್ಮ ಕಡೆ ಸೊಳ್ಳೆ ಮರಿ ತಿನ್ನಲಿ ಅಂತ ಬಾವಿ, ತೊಟ್ಟಿಗೆ ಬಿಡುತ್ತಾರಲ್ಲ, ಅದೇ. ಮೊಟ್ಟೆ ತಾಯಿಯ ಹೊಟ್ಟೆಯಲ್ಲೇ ಬೆಳೆದು, ಸುಮಾರು ಒಂದು ತಿಂಗಳಿಗೆ ಈಜುವ ಮರಿಯೇ ಹೊರಬರುತ್ತದೆ.

ಟ್ರಿನಿಡಾಡ್‌ನ ಉತ್ತರದ ಬೆಟ್ಟಗಳ ಕಾಡಿನಲ್ಲಿ ಹಳ್ಳಗಳಿಗೆ ಅಲ್ಲಲ್ಲಿ ಜಲಪಾತ ಇದೆ. ಕೆಳಗೆ ಪೈಕ್ ಸಿಕ್ಲಿಡ್ ಎಂಬ ಬೇಟೆ ಮೀನು, ಬೆಳೆದ ಗಪ್ಪಿಯನ್ನೂ ನುಂಗುತ್ತದೆ. ಅದು ಜಲಪಾತ ಹತ್ತಲಾರದು. ಮೇಲಿರುವ ರಿವುಲಸ್ ಎಂಬ ಚಿಕ್ಕ ಮೀನು ಹಿಡಿಯುವುದು ಹೆಚ್ಚಾಗಿ ಮರಿಗಳನ್ನು. ಕೆಳಗಿನ ಗಪ್ಪಿ ಬೇಗ ಬಲಿತು, ಚಿಕ್ಕ ಚಿಕ್ಕ ಮರಿ ಜಾಸ್ತಿ ಹಾಕುತ್ತದೆ. ಮೇಲಿನದು ನಿಧಾನ. ಮರಿ ಕಡಿಮೆ, ಗಾತ್ರ ದೊಡ್ಡದು.

ಈಗ ನಾನು ಎಡವಿದ ಜಾಗ. ಈ ವ್ಯತ್ಯಾಸ ವಂಶದಿಂದ ಬಂದದ್ದೋ, ಆಯಾ ಜಾಗದ ಊಟ-ನೀರಿನಿಂದಲೋ? ತಿಳಿಯಲು ವಿಜ್ಞಾನಿಗಳು ಎರಡೂ ಕಡೆಯ ಮೀನು ತಂದು ಒಂದೇ ಥರದ ತೊಟ್ಟಿಯಲ್ಲಿ, ಅಳೆದ ಊಟ ಹಾಕಿ ಸಾಕಿದರು. ಸರಿ. ಆದರೆ ಎರಡು ತಲೆಮಾರು ಯಾಕೆ? ತಂದ ಮೀನಿನ ಮರಿ ತೊಟ್ಟಿಯಲ್ಲೇ ಹುಟ್ಟಿತಲ್ಲ, ಅದನ್ನೇ ಅಳೆದರೆ ಸಾಲದಾ?

ಸಾಲದು. ಆ ತಾಯಿಯ ಮೈ ಬೆಳೆದದ್ದು ಹಳ್ಳದ ಊಟದಲ್ಲಿ. ಅವಳ ಮೈ ಎಷ್ಟು ದೊಡ್ಡದೋ ಅದರ ಮೇಲೆ ಮರಿಗಳ ಸಂಖ್ಯೆ ಬದಲಾಗುತ್ತದೆ. ಅವಳು ತಿಂದದ್ದರ ಮೇಲೆ ಮೊಟ್ಟೆಯ ಹಳದಿ, ಅದರಿಂದ ಮರಿಯ ಗಾತ್ರ. ಅಂದರೆ ತೊಟ್ಟಿಯಲ್ಲಿ ಹುಟ್ಟಿದ ಮರಿಯ ಮೈಯಲ್ಲೂ ಹಳ್ಳದ ಪಾಲು ಇದ್ದೇ ಇದೆ! ಆ ಮರಿ ತೊಟ್ಟಿಯಲ್ಲೇ ದೊಡ್ಡದಾಗಿ ಮರಿ ಹಾಕಬೇಕು. ಆಗಷ್ಟೇ ಹಳ್ಳವನ್ನೇ ಕಾಣದ ತಾಯಿಯ ಮರಿ ಸಿಗುತ್ತದೆ. ಅದರಲ್ಲೂ ವ್ಯತ್ಯಾಸ ಉಳಿದರೆ ಅದು ವಂಶದ್ದೇ. ಉಳಿಯಿತು ಕೂಡ.

ನಾನು ನೆನಪಿಟ್ಟುಕೊಂಡದ್ದು ಹೀಗೆ: ಅಜ್ಜಿ ಹಳ್ಳದವಳು, ಅಮ್ಮ ತೊಟ್ಟಿಯವಳು, ಮೊಮ್ಮಗಳನ್ನು ಅಳೆ.

ಉಳಿದದ್ದು ಸಲೀಸು. 1976ರಲ್ಲಿ ಜೀವವಿಜ್ಞಾನಿ ಜಾನ್ ಎಂಡ್ಲರ್ ಅಲ್ಲಿನ ಅರಿಪೊ ಹಳ್ಳದಲ್ಲಿ ಕೆಳಗಿನ ಗಪ್ಪಿಗಳನ್ನು ಜಲಪಾತದ ಮೇಲೆ ಬಿಟ್ಟರು. ಅಲ್ಲಿ ಮೊದಲು ಗಪ್ಪಿಯೇ ಇರಲಿಲ್ಲ, ರಿವುಲಸ್ ಇತ್ತು. 11 ವರ್ಷ, ಅಂದರೆ 30ರಿಂದ 60 ತಲೆಮಾರು ಕಳೆದ ಮೇಲೆ ಅವುಗಳ ಸಂತತಿ ನಿಧಾನವಾಗಿ ಬಲಿತು, ಕಡಿಮೆ ಆದರೆ ದೊಡ್ಡ ಮರಿ ಹಾಕುತ್ತಿತ್ತು. ಜೀವವಿಜ್ಞಾನಿ ಡೇವಿಡ್ ರೆಜ್ನಿಕ್ ಮತ್ತು ಜೊತೆಗಾರರು ಇದನ್ನು 1990ರಲ್ಲಿ ಪ್ರಕಟಿಸಿದರು. ತೊಟ್ಟಿಯಲ್ಲಿ ಅಳೆದದ್ದು ಅಲ್ಲೂ ಮೊಮ್ಮಕ್ಕಳನ್ನೇ.