ಓದುಗರ ಪ್ರಶ್ನೆ: ‘ಮೆಡೀವಲ್ 3’ರಲ್ಲಿ ನಮ್ಮ ಮೈಸೂರು ರಾಕೆಟ್ ಇರುತ್ತದೆಯೇ?

ಪ್ರಶ್ನೆ ಒಂದೇ, ಕೇಳುವವರು ಮಾತ್ರ ಬೇರೆ ಬೇರೆ. ಮಂಡ್ಯದ ಪದವಿ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ, ಕುವೆಂಪುನಗರದ ಬ್ಯಾಂಕ್ ನೌಕರರೊಬ್ಬರು ಕೇಳಿದ್ದಾರೆ, ಪಾಂಡವಪುರದ ಒಬ್ಬರಂತೂ ಉತ್ತರ ಕೊಟ್ಟ ಮೇಲೂ ಎರಡನೆಯ ಸಲ ಕೇಳಿದ್ದಾರೆ: “ಸರ್, ಟೋಟಲ್ ವಾರ್ ಮೆಡೀವಲ್ 3 ಯಾವಾಗ ಬರುತ್ತದೆ? ಅದರಲ್ಲಿ ಟಿಪ್ಪುವಿನ ರಾಕೆಟ್ ಇರುತ್ತದೆಯೇ? ಇದ್ದರೆ ಈಗಲೇ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಳ್ಳುತ್ತೇನೆ.” ಇನ್ನು ಮುಂದೆ ಕೇಳುವವರಿಗೆ ಈ ಬರಹವನ್ನೇ ತೋರಿಸಿ ಸುಮ್ಮನಾಗಬಹುದು ಎಂಬ ಆಸೆಯಿಂದ ಒಮ್ಮೆಗೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಸುಲಭವಾದ ಭಾಗ. ಟೋಟಲ್ ವಾರ್ ಎಂಬುದು ಯುದ್ಧದ ಕಂಪ್ಯೂಟರ್ ಆಟಗಳ ಒಂದು ಸರಣಿ. ಅದನ್ನು ತಯಾರಿಸುವ ಕ್ರಿಯೇಟಿವ್ ಅಸೆಂಬ್ಲಿ ಕಂಪನಿ ಮೆಡೀವಲ್ 3 ಆಟವನ್ನು ಘೋಷಿಸಿದ್ದು 2025ರ ಡಿಸೆಂಬರ್‌ನಲ್ಲಿ. ಆಗ ತಯಾರಕರೇ ಹೇಳಿದಂತೆ ಕೆಲಸ ತೀರ ಆರಂಭದ ಹಂತದಲ್ಲಿತ್ತು; ಬಿಡುಗಡೆಯ ದಿನಾಂಕವನ್ನು ಅವರು ಕೊಡಲಿಲ್ಲ. ನೇಗಿಲು ಹೂಡುವ ಮೊದಲೇ ಕಣ ಸಾರಿಸಿ ಕುಳಿತುಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಹಣ ಬ್ಯಾಂಕಿನಲ್ಲೇ ಇರಲಿ, ಆಟ ಬರುವ ಹೊತ್ತಿಗೆ ಇಂದಿನ ಕಾರ್ಡು ಹಳತಾಗಿರುತ್ತದೆ. ಮುಂಗಡ ಖರೀದಿಯ ವಿಷಯದಲ್ಲಿ ನನ್ನದು ಸುಟ್ಟ ಬೆರಳು. ಹಿಂದೊಮ್ಮೆ ಒಂದು ದೊಡ್ಡ ಯುದ್ಧದ ಆಟವನ್ನು ಬಿಡುಗಡೆಗೆ ಮೊದಲೇ ಹಣ ಕೊಟ್ಟು ತೆಗೆದುಕೊಂಡು, ಕೋಟೆಯ ಬಾಗಿಲು ತೆರೆದಿದ್ದರೂ ನನ್ನ ಸೈನಿಕರು ಒಳಗೆ ಹೋಗದೆ ಗೋಡೆಗೆ ಮುಖ ಹಾಕಿ ನಿಂತಿದ್ದನ್ನು ವಾರಗಟ್ಟಲೆ ನೋಡಿದವನು ನಾನು.

ಎರಡನೆಯ ಭಾಗವೂ ಕಷ್ಟದ್ದಲ್ಲ. ಮೆಡೀವಲ್ ಎಂದರೆ ಮಧ್ಯಯುಗ. 2006ರಲ್ಲಿ ಬಂದ ಮೆಡೀವಲ್ 2 ಆಟದ ಕಾಲ 1080ರಿಂದ 1530ರವರೆಗೆ, ಅದರ ನಕ್ಷೆಯಲ್ಲಿ ಭಾರತವೇ ಇರಲಿಲ್ಲ. ಪೂರ್ವದಿಂದ ತೈಮೂರನ ಪಡೆ ಬೆನ್ನ ಮೇಲೆ ಫಿರಂಗಿ ಹೊತ್ತ ಆನೆಗಳೊಂದಿಗೆ ಬರುತ್ತಿತ್ತು, ನಮ್ಮ ಕಡೆಯ ವಾಸನೆ ಅಷ್ಟೇ. ಹೊಸ ಆಟದ ನಕ್ಷೆ ಒಂದು ವೇಳೆ ಕಾವೇರಿಯವರೆಗೂ ಚಾಚಿತೆಂದೇ ಇಟ್ಟುಕೊಳ್ಳೋಣ. ಆಗಲೂ ಅಲ್ಲಿ ಸಿಗಬೇಕಾದವರು ಹೊಯ್ಸಳರು, ವಿಜಯನಗರದವರು, ಬಹಮನಿಗಳು. 1530ರಲ್ಲಿ ಮೈಸೂರಿನ ಒಡೆಯರು ವಿಜಯನಗರದ ಅಧೀನದಲ್ಲಿದ್ದ ಸಣ್ಣ ಪಾಳೆಯಗಾರರು. ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದದ್ದೇ 1610ರಲ್ಲಿ. ಟಿಪ್ಪು ಹುಟ್ಟಿದ್ದು ಅದಕ್ಕೂ ಸುಮಾರು 140 ವರ್ಷಗಳ ನಂತರ. ಮಧ್ಯಯುಗದ ಆಟದಲ್ಲಿ ಮೈಸೂರು ರಾಕೆಟ್ ಕೇಳುವುದು ಪಂಪನ ಕೈಗೆ ಬೆರಳಚ್ಚು ಯಂತ್ರ ಕೊಟ್ಟ ಹಾಗೆ.

ಆ ಕಾಲದ ಕನ್ನಡ ನಾಡನ್ನು ಆಡಲೇಬೇಕೆಂಬ ಹಂಬಲ ಇರುವವರಿಗೆ 2025ರ ನವೆಂಬರ್‌ನಲ್ಲಿ ಬಂದ ಯೂರೋಪಾ ಯೂನಿವರ್ಸಾಲಿಸ್ 5 ಎಂಬ ಬೇರೊಂದು ಕಂಪ್ಯೂಟರ್ ಆಟ ಇದೆ. ಅದರ ಕಥೆ ಆರಂಭವಾಗುವುದು 1337ರಲ್ಲಿ, ಅಂದರೆ ವಿಜಯನಗರ ಸ್ಥಾಪನೆಯಾಯಿತೆಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ 1336ರ ಮರುವರ್ಷ. ಹೊಯ್ಸಳರ ಮೂರನೆಯ ಬಲ್ಲಾಳ ಇನ್ನೂ ಬದುಕಿದ್ದ ಕಾಲ. ಒಬ್ಬ ಇತಿಹಾಸದ ಮೇಷ್ಟರಿಗೆ ಇದಕ್ಕಿಂತ ರುಚಿಯಾದ ಇಸವಿ ಸಿಗಲಾರದು.

ಇಷ್ಟು ಹೇಳಿದ ಮೇಲೆ ಬರುವ ಮರುಪ್ರಶ್ನೆಯೇ ನನ್ನ ನಿಜವಾದ ತಲೆನೋವು. “ಹಾಗಾದರೆ ಟೋಟಲ್ ವಾರ್ ಸರಣಿಯದೇ ಆದ 2009ರ ಎಂಪೈರ್ ಆಟಕ್ಕೆ ಎರಡನೆಯ ಭಾಗ ಬಂದರೆ? ಅದರಲ್ಲಿ ಮೈಸೂರನ್ನು ಕೊಟ್ಟರೆ ಇಡೀ ಪ್ರಪಂಚವನ್ನು ರಾಕೆಟ್ಟಿನಿಂದಲೇ ಗೆಲ್ಲಬಹುದಲ್ಲವೇ? ಜಗತ್ತಿನ ಮೊದಲ ರಾಕೆಟ್ ನಮ್ಮದೇ ತಾನೇ?” ಈ ಒಂದು ಪ್ರಶ್ನೆಯಲ್ಲಿ ಎರಡು ತಪ್ಪುಗಳು ಒಂದರ ಹೆಗಲ ಮೇಲೊಂದು ಕುಳಿತಿವೆ. ಎರಡನ್ನೂ ಕೆಳಗಿಳಿಸದೆ ಮುಂದೆ ಹೋಗಲಾಗದು.

ಜಗತ್ತಿನ ಮೊದಲ ರಾಕೆಟ್ ಮೈಸೂರಿನದಲ್ಲ. ಚೀನಾದಲ್ಲಿ 13ನೆಯ ಶತಮಾನದಲ್ಲಿಯೇ ಮದ್ದು ತುಂಬಿದ ಬಾಣಗಳು ಯುದ್ಧದಲ್ಲಿ ಹಾರಿದ್ದವು. ನಮ್ಮ ದೇಶದಲ್ಲಿ ಮೊಗಲರೂ ಮರಾಠರೂ ಅವನ್ನು ಬಳಸುತ್ತಿದ್ದರು, ಅವರ ಬಾಯಲ್ಲಿ ಅದರ ಹೆಸರು ‘ಬಾನ್’. ಇದಕ್ಕೆ ಪುರಾವೆ ಹುಡುಕಿಕೊಂಡು ಲಂಡನ್ನಿನ ಸಂಗ್ರಹಾಲಯಕ್ಕೆ ಹೋಗಬೇಕಾಗಿಲ್ಲ, ನಮ್ಮ ನಾಲಿಗೆಯ ಮೇಲೇ ಇದೆ: ಬಾಣಬಿರುಸು. ಜಾತ್ರೆಯಲ್ಲಿ, ಉತ್ಸವದಲ್ಲಿ, ದೀಪಾವಳಿಯಲ್ಲಿ ಆಕಾಶಕ್ಕೆ ಹಾರಿಸುವುದನ್ನು ಬಾಣ ಎಂದೇ ಕರೆದ ಜನಕ್ಕೆ ರಾಕೆಟ್ ಹೊಸದಾಗಿರಲು ಹೇಗೆ ಸಾಧ್ಯ? ಇಷ್ಟೇ ಏಕೆ, ಕೋಲಾರದ ಬೂದಿಕೋಟೆಯಲ್ಲಿದ್ದ ಹೈದರಾಲಿಯ ತಂದೆಯೇ ಆರ್ಕಾಟಿನ ನವಾಬನ ಸೇವೆಯಲ್ಲಿ 50 ಮಂದಿ ಬಾಣದವರ ಮುಖ್ಯಸ್ಥನಾಗಿದ್ದವನು. ಟಿಪ್ಪು ಹುಟ್ಟುವ ಮೊದಲೇ ಈ ಕಸುಬು ಮನೆಯೊಳಗೆ ಇತ್ತು.

ಹಾಗಿದ್ದರೆ ಮೈಸೂರಿನ ಹೆಚ್ಚುಗಾರಿಕೆ ಎಲ್ಲಿದೆ? ಕಬ್ಬಿಣದಲ್ಲಿ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಹೇಳುವಾಗ ನಾನು ಸ್ವಲ್ಪ ಎದೆಯುಬ್ಬಿಸುವುದುಂಟು. ಮದ್ದು ಉರಿದಾಗ ಹುಟ್ಟುವ ಅನಿಲ ಹಿಂಬದಿಯ ಕಿರುಬಾಯಿಯಿಂದ ಹೊರನುಗ್ಗುವ ರಭಸವೇ ರಾಕೆಟ್ಟನ್ನು ಮುಂದಕ್ಕೆ ತಳ್ಳುತ್ತದೆ; ಒಳಗಿನ ಒತ್ತಡ ಹೆಚ್ಚಿದಷ್ಟೂ ತಳ್ಳುವ ಬಲ ಹೆಚ್ಚು. ಕಾಗದದ ಅಥವಾ ಬಿದಿರಿನ ಕೊಳವೆಗೆ ಹೆಚ್ಚು ಮದ್ದನ್ನು ಗಿಡಿದು ತುಂಬಿದರೆ ಅದು ಹಾರುವ ಮೊದಲೇ ಒಡೆದು ಹೋಗುತ್ತದೆ. ಹೈದರ್ ಮತ್ತು ಟಿಪ್ಪುವಿನ ಕಾಲದ ಕಮ್ಮಾರರು ಗೇಣುದ್ದದ ಕಬ್ಬಿಣದ ಕೊಳವೆಯನ್ನು ಮಾಡಿ, ಅದರಲ್ಲಿ ಮದ್ದನ್ನು ಬಿಗಿಯಾಗಿ ತುಂಬಿ, ಉದ್ದನೆಯ ಬಿದಿರುಕೋಲಿಗೆ ಕಟ್ಟಿದರು. ಅದರಿಂದ ರಾಕೆಟ್ ಸುಮಾರು 2 ಕಿಲೋಮೀಟರ್ ದೂರ ಹೋಗುವಂತಾಯಿತು. ಅಂದರೆ ಹೊಸದಾಗಿದ್ದುದು ಬಾಣವಲ್ಲ, ಬಾಣದ ಹೊಟ್ಟೆ. ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಇಂತಹ ಕೊಳವೆಗಳು ಸಿಕ್ಕವು. ಅಷ್ಟೊಂದು ಸಂಖ್ಯೆಯಲ್ಲಿ ಒಂದೇ ಬಗೆಯ ಕೊಳವೆಗಳನ್ನು ತಯಾರಿಸುವ ವ್ಯವಸ್ಥೆ 18ನೆಯ ಶತಮಾನದ ಒಂದು ರಾಜ್ಯದಲ್ಲಿ ಇತ್ತೆಂಬುದು ‘ಜಗತ್ತಿನಲ್ಲೇ ಮೊದಲು’ ಎಂಬ ಪೊಳ್ಳು ಹೆಗ್ಗಳಿಕೆಗಿಂತ ನೂರು ಪಾಲು ದೊಡ್ಡ ಸಂಗತಿ.

ಇನ್ನು ಎರಡನೆಯ ತಪ್ಪು, ರಾಕೆಟ್ ಯುದ್ಧ ಗೆಲ್ಲಿಸುತ್ತದೆ ಎಂಬುದು. ಇದನ್ನು ಹೇಳುವವರೆಲ್ಲರೂ ಬೊಟ್ಟು ಮಾಡುವುದು 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರಿನ ಯುದ್ಧದ ಕಡೆಗೆ. ಅಲ್ಲಿ ಬ್ರಿಟಿಷರ ಕರ್ನಲ್ ಬೈಲಿಯ ಪಡೆ ನಾಶವಾದದ್ದು ನಿಜ, ಅದರ ಮದ್ದಿನ ಗಾಡಿಗಳು ಸಿಡಿದದ್ದೂ ನಿಜ. ಆ ಗಾಡಿಗಳಿಗೆ ತಗುಲಿದ್ದು ರಾಕೆಟ್ಟೋ ಫಿರಂಗಿಯ ಗುಂಡೋ ಎಂಬುದರ ಬಗ್ಗೆ ಬರೆದವರಲ್ಲೇ ಒಮ್ಮತವಿಲ್ಲ. ಅದಕ್ಕಿಂತ ಮುಖ್ಯವಾಗಿ, ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ ಗೋಡೆಯ ಮೇಲಿನ ಆ ಯುದ್ಧದ ಚಿತ್ರವನ್ನು ನಿಧಾನವಾಗಿ ನೋಡಿ. ಗೆದ್ದವನೇ ಬರೆಸಿದ ಚಿತ್ರ ಅದು. ನಡುವೆ ಚೌಕಾಕಾರವಾಗಿ ಸಿಕ್ಕಿಹಾಕಿಕೊಂಡ ಕೆಂಪು ಅಂಗಿಯವರು, ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಬೈಲಿ, ಸಿಡಿಯುತ್ತಿರುವ ಗಾಡಿ, ಒಂದು ಕಡೆ ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ ಲಾಲಿ. ಇವೆಲ್ಲವನ್ನೂ ಸುತ್ತುವರಿದಿರುವುದು ಕುದುರೆ, ಕುದುರೆ, ಕುದುರೆ. ಗೆಲುವು ಬಂದದ್ದು ಆ ಸುತ್ತುವರಿಕೆಯಿಂದ, ಮತ್ತು ಹತ್ತಿರದ ಕಾಂಚೀಪುರದಲ್ಲಿದ್ದ ಬ್ರಿಟಿಷ್ ಸೇನಾಧಿಪತಿ ಮನ್ರೋನ ದೊಡ್ಡ ಸೈನ್ಯ ಹೊತ್ತಿಗೆ ಸರಿಯಾಗಿ ನೆರವಿಗೆ ಬಾರದೆ ಹೋದದ್ದರಿಂದ.

ರಾಕೆಟ್ಟಿನ ದೌರ್ಬಲ್ಯ ಗುರಿಯಲ್ಲಿತ್ತು. ದೀಪಾವಳಿಯಂದು ಬಾಟಲಿಯಲ್ಲಿಟ್ಟು ಹಚ್ಚಿದ ರಾಕೆಟ್ ಪಕ್ಕದ ಮನೆಯ ಮಹಡಿಗೆ ನುಗ್ಗಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದೊಂದಾಗಿ ಬಿಟ್ಟರೆ ಅದು ಎಲ್ಲಿ ಬೀಳುವುದೆಂದು ಬಿಟ್ಟವನಿಗೇ ತಿಳಿಯದು. ರಾಶಿಯಾಗಿ ಬಿಟ್ಟರೆ ಮಾತ್ರ ಕುದುರೆ ಬೆದರುತ್ತದೆ, ಎತ್ತು ಹಗ್ಗ ಹರಿದುಕೊಂಡು ಓಡುತ್ತದೆ, ಕತ್ತಲಲ್ಲಿ ನಡೆಯುವ ಪಡೆ ದಿಕ್ಕು ತಪ್ಪುತ್ತದೆ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆಯ ತೋಪಿನಲ್ಲಿ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ನೆಪೋಲಿಯನ್ನನನ್ನು ವಾಟರ್ಲೂದಲ್ಲಿ ಎದುರಿಸಿದ ಅದೇ ವ್ಯಕ್ತಿ, ರಾಕೆಟ್ಟು ಮತ್ತು ಬಂದೂಕಿನ ಹೊಡೆತಕ್ಕೆ ಸಿಕ್ಕಿ ಗೊಂದಲಗೊಂಡು ಹಿಂದೆ ಸರಿದ. ಮರುದಿನ ಬೆಳಕಿನಲ್ಲಿ ಅದೇ ತೋಪು ಅವನ ಕೈವಶವಾಯಿತು. ರಾತ್ರಿ ರಾಕೆಟ್ಟಿನದು, ಹಗಲು ಫಿರಂಗಿಯದು. ಒಂದು ತಿಂಗಳೊಳಗೆ, ಮೇ 4ರಂದು, ಕೋಟೆ ಬಿದ್ದಿತು. ಆಗ ಒಳಗೆ ಬಳಸಲು ಸಿದ್ಧವಾಗಿದ್ದ 700 ರಾಕೆಟ್ಟುಗಳೂ ಮದ್ದು ತುಂಬದ 9,000 ಕೊಳವೆಗಳೂ ಸಿಕ್ಕವೆಂದು ಲೆಕ್ಕವಿದೆ. ರಾಕೆಟ್ಟೇ ಯುದ್ಧ ಗೆಲ್ಲಿಸುವುದಾಗಿದ್ದರೆ ಇಷ್ಟು ದಾಸ್ತಾನು ಇದ್ದ ಕೋಟೆ ಬೀಳಬಾರದಾಗಿತ್ತು.

ಆದುದರಿಂದ ಮುಂದೆ ಎಂದಾದರೂ ಒಂದು ಆಟದಲ್ಲಿ ಮೈಸೂರು ರಾಕೆಟ್ಟನ್ನು ಸರಿಯಾಗಿ ತೋರಿಸಬೇಕೆಂದರೆ ಅದು ಶತ್ರುಗಳನ್ನು ಸಾಲಾಗಿ ಮಲಗಿಸುವ ಅಸ್ತ್ರವಾಗಿ ಇರಕೂಡದು. ಟೋಟಲ್ ವಾರ್ ಆಡಿದವರಿಗೆ ಗೊತ್ತಿರುವಂತೆ ಪ್ರತಿ ತುಕಡಿಗೂ ಸ್ಥೈರ್ಯದ ಲೆಕ್ಕವೊಂದು ಇರುತ್ತದೆ, ಅದು ಕುಸಿದಾಗ ತುಕಡಿ ಓಡುತ್ತದೆ. ರಾಕೆಟ್ಟು ಕೊಲ್ಲುವುದು ಕಡಿಮೆ ಇರಬೇಕು, ಈ ಸ್ಥೈರ್ಯವನ್ನು ಕುಗ್ಗಿಸುವುದು ಹೆಚ್ಚಿರಬೇಕು, ಕುದುರೆಯ ಮೇಲೆ ಅದರ ಪರಿಣಾಮ ಇಮ್ಮಡಿಯಾಗಬೇಕು. ಅದನ್ನು ಹೊತ್ತವರು ಕಾಲಾಳುಗಳಾದ್ದರಿಂದ, ಫಿರಂಗಿ ಹೋಗಲಾಗದ ಗದ್ದೆಯ ಬದು, ಹಳ್ಳ, ಕಾಡುಗಳಲ್ಲಿಯೂ ಅವರು ಓಡಾಡುವಂತಿರಬೇಕು. ಬ್ರಿಟಿಷರು ಇಲ್ಲಿಂದ ಮಾದರಿಗಳನ್ನು ಲಂಡನ್ ಬಳಿಯ ತಮ್ಮ ಶಸ್ತ್ರಾಗಾರವಿದ್ದ ವೂಲ್ವಿಚ್‌ಗೆ ಒಯ್ದರು. ಅಲ್ಲಿ ವಿಲಿಯಂ ಕಾಂಗ್ರೀವ್ ತಯಾರಿಸಿದ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟವು. ಅಷ್ಟು ದೊಡ್ಡ ಊರನ್ನು ಗುರಿಯಿಟ್ಟರೆ ತಪ್ಪುವ ಭಯವಿಲ್ಲವೆಂಬುದನ್ನೂ ಗಮನಿಸಬೇಕು.

ಎಂಪೈರ್ ಆಟದ ಬಗ್ಗೆ ಇನ್ನೊಂದು ಮಾತು. ಅದರ ಕಥೆ ಆರಂಭವಾಗುವುದು 1700ರಲ್ಲಿ. ಭಾರತದಲ್ಲಿ ಆಟಗಾರನ ಕೈಗೆ ಸಿಗುತ್ತಿದ್ದವರು ಮರಾಠರೇ ಹೊರತು ಮೈಸೂರಿನವರಲ್ಲ. ಅದರ ಬಗ್ಗೆ ನಮ್ಮವರ ಸಿಟ್ಟು ಇನ್ನೂ ಆರಿಲ್ಲ. ಆದರೆ ಮೈಸೂರನ್ನು ಕೊಟ್ಟಿದ್ದರೂ 1700ರಲ್ಲಿ ಸಿಂಹಾಸನದ ಮೇಲೆ ಇದ್ದವರು ಚಿಕ್ಕದೇವರಾಜ ಒಡೆಯರು. ಹೈದರನೇ ಆಗ ಹುಟ್ಟಿರಲಿಲ್ಲ.

ಚಿಕ್ಕದೇವರಾಜರ ಹೆಸರು ಬಂದಾಗಲೆಲ್ಲ ನನಗೆ ನೆನಪಾಗುವುದು ಯಾರೂ ನನ್ನನ್ನು ಇದುವರೆಗೆ ಕೇಳದ ಒಂದು ಪ್ರಶ್ನೆ: ಇಷ್ಟೆಲ್ಲ ಆಟಗಳಲ್ಲಿ ಎತ್ತುಗಳು ಎಲ್ಲಿ? ಅವರ ಕಾಲದಲ್ಲಿ ಶುರುವಾದ ಅರಮನೆಯ ದನಗಳ ಇಲಾಖೆಯ ಹೆಸರು ಬೆಣ್ಣೆ ಚಾವಡಿ. ಹೆಸರು ಬೆಣ್ಣೆಯದಾದರೂ ಅಲ್ಲಿಯ ಎತ್ತುಗಳು ಎಳೆದದ್ದು ಫಿರಂಗಿಯನ್ನು. ಅದನ್ನೇ ಟಿಪ್ಪು ಅಮೃತ್ ಮಹಲ್ ಎಂದು ಕರೆದ. ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಚಿದಂಬರದ ನೆರವಿಗೆಂದು ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿತೆಂಬ ದಾಖಲೆಯಿದೆ. ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಸಣ್ಣ ತಲೆ, ಹಿಂದಕ್ಕೆ ಬಾಗಿದ ಕೊಂಬು, ನಿಂತಲ್ಲೇ ಕಾಲು ಕೆರೆಯುವ ಹಳ್ಳಿಕಾರ್ ಜೋಡಿಯನ್ನು ಕಂಡವರಿಗೆ ಈ ಮಾತು ಉತ್ಪ್ರೇಕ್ಷೆ ಎನಿಸದು, ಅಮೃತ್ ಮಹಲ್ ಅದರ ಹತ್ತಿರದ ನೆಂಟ.

ಎತ್ತಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಮಂಡ್ಯ ಜಿಲ್ಲೆಯೇ ಸಾಕ್ಷಿ. 1791ರ ಮೇ 15ರಂದು ಅರಕೆರೆಯ ಬಳಿ ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ಅಟ್ಟಿದ. ಯಾವ ಆಟದಲ್ಲಾದರೂ ಆಗ ಪರದೆಯ ಮೇಲೆ ‘ಜಯ’ ಎಂದು ಬರುತ್ತಿತ್ತು. ಆದರೆ ಟಿಪ್ಪುವಿನ ಹಗುರ ಕುದುರೆಪಡೆ ಸುತ್ತಲಿನ ಮೇವು ಸಿಗದಂತೆ ಮಾಡಿತ್ತು, ಮಳೆ ಹಿಡಿದಿತ್ತು, ಎತ್ತುಗಳು ಸಾಯುತ್ತಿದ್ದವು. ಗೆದ್ದವನು ಕನ್ನಂಬಾಡಿಯ ಕಡೆಗೆ ತೆವಳಿ, ಎಳೆಯುವವರಿಲ್ಲದ ತನ್ನ ಕೋಟೆಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಬೆಂಗಳೂರಿನ ದಾರಿ ಹಿಡಿದ. ಹಿಂದಿರುಗುವಾಗ ದಾರಿಯಲ್ಲಿ ಅವನ ಮಿತ್ರರಾದ ಮರಾಠರ ಸೈನ್ಯ ದವಸ ಧಾನ್ಯದೊಂದಿಗೆ ಎದುರಾಗದಿದ್ದರೆ ಅವನ ಜನ ಹಸಿವಿನಿಂದಲೇ ಕರಗುತ್ತಿದ್ದರು. ಮರುವರ್ಷದ ಫೆಬ್ರವರಿಯಲ್ಲಿ ಅವನು ಮತ್ತೆ ಬಂದಾಗ ಹಿಂದೆ ಲಂಬಾಣಿಗರ ಎತ್ತಿನ ಹಿಂಡುಗಳು ಧಾನ್ಯ ಹೊತ್ತು ಬರುತ್ತಿದ್ದವು. ಈ ಸಲ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಎರಡು ದಂಡಯಾತ್ರೆಗಳ ನಡುವೆ ಬದಲಾದದ್ದು ಮುಖ್ಯವಾಗಿ ಮೇವು ಮತ್ತು ಹೊರೆಯ ವ್ಯವಸ್ಥೆ. ಟಿಪ್ಪುವಿನ ರಾಕೆಟ್ಟುಗಳು ಎರಡರಲ್ಲಿಯೂ ಇದ್ದವು.

1799ರಲ್ಲಿ ಗೆದ್ದವರ ಆಯ್ಕೆಯೂ ಇದನ್ನೇ ತೋರಿಸುತ್ತದೆ. ರಾಕೆಟ್ಟುಗಳನ್ನು ಅವರು ಮಾದರಿಗೆಂದು ಹಡಗು ಹತ್ತಿಸಿ ಕಳುಹಿಸಿದರು. ಅಮೃತ್ ಮಹಲ್ ದನಗಳನ್ನು ಮಾತ್ರ ಎಲ್ಲಿಗೂ ಕಳುಹಿಸದೆ, ಅವು ಮೇಯುವ ಹುಲ್ಲುಗಾವಲುಗಳಾದ ಕಾವಲುಗಳ ಸಮೇತ ತಮ್ಮ ವಶಕ್ಕೆ ತೆಗೆದುಕೊಂಡು, ಹುಣಸೂರಿನಲ್ಲಿ ಅದರ ಮುಖ್ಯ ಠಾಣೆಯನ್ನು ಮಾಡಿಕೊಂಡು, ಹಲವು ದಶಕಗಳ ಕಾಲ ತಮ್ಮ ಫಿರಂಗಿಗಳನ್ನು ಅವುಗಳಿಂದಲೇ ಎಳೆಸಿದರು.